ನಲ್ಲಿಯ ಕೆಮ್ಮು

ವಾಗೀಶ್ ಇನ್ನೂರು ವಿಸಿಟಿಂಗ್ ಕಾರ್ಡು ಹೊಡೆಸಿಕೊಂಡು ಬಂದ ದಿನ ನಮ್ಮ ಓಣಿಯವರು ಅದನ್ನು ಅಷ್ಟು ಹಗುರವಾಗಿ ತೆಗೆದುಕೊಳ್ಳಬಾರದಿತ್ತು. ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ‘ವಾಗೀಶ್, ಸೌಂಡ್ ಡಿಸೈನರ್, ಆದೋನಿ’ ಎಂದಿತ್ತು. ಮನುಷ್ಯ ಇಪ್ಪತ್ತು ವರ್ಷದಿಂದ ಹತ್ತಿ ಮಾರ್ಕೆಟ್ಟಿನ ಮಂಡಿಯೊಂದರಲ್ಲಿ ಗುಮಾಸ್ತ. ಹತ್ತಿಯ ಎಳೆ ಹಿಡಿದು ಅದರ ಉದ್ದ ಹೇಳುವುದರಲ್ಲಿ, ಮುತ್ತಿನಂಥ ಅಕ್ಷರದಲ್ಲಿ ಚೀಟಿ ಬರೆಯುವುದರಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಮೂರನೆಯ ವಿದ್ಯೆಯೊಂದು ಅವನಲ್ಲಿದೆ ಎಂದು ಅವನ ಹೆಂಡತಿ ಅಮೂಲ್ಯಳಿಗೂ ಗೊತ್ತಿರಲಿಲ್ಲ.

ನಾನು ಅವನ ಎದುರು ಮನೆಯವನು. ಮೊದಲ ಕಾರ್ಡು ನನಗೆ ಸಿಕ್ಕಿತು, ಎರಡನೆಯದು ಪಕ್ಕದ ಮನೆಯ ಹುಸೇನಮ್ಮನಿಗೆ. ಹುಸೇನಮ್ಮ ಅಂದರೆ ಹನ್ನೊಂದು ಟಗರು ಸಾಕಿಕೊಂಡು, ಅವುಗಳ ಜೊತೆಗೇ ಓಣಿಯನ್ನೂ ಕಾಯುವ ಹೆಂಗಸು. ಆಕೆ ಕಾರ್ಡನ್ನು ತಿರುವಿ ಮುರುವಿ ನೋಡಿದಳು.

“ಏನಪ್ಪಾ ಇದು? ಮೈಕ್‌ಸೆಟ್ ಇಟ್ಟೀಯೇನು?”

“ಅಲ್ಲ ಹುಸೇನಮ್ಮ. ಶಬ್ದ ತಯಾರು ಮಾಡೋದು.”

“ಈ ಓಣ್ಯಾಗ ಶಬ್ದಕ್ಕೇನು ಬರ ಬಂದೈತಿ?” ಎಂದು ಆಕೆ ಕಾರ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಈ ರೋಗ ಅಂಟಿದ್ದು ಗೋನೆಗಂಡ್ಲದ ಒಂದು ಮದುವೆಯಲ್ಲಿ. ಅಲ್ಲಿ ಆರ್ಕೆಸ್ಟ್ರಾದ ಕೀಬೋರ್ಡಿನವನು ಒಂದು ಗುಂಡಿ ಒತ್ತಿ ಶಹನಾಯಿ, ಇನ್ನೊಂದು ಗುಂಡಿ ಒತ್ತಿ ಕೊಳಲು ಬಾರಿಸುತ್ತಿದ್ದ. ವಾಗೀಶ್ ಊಟ ಮುಗಿಸಿ, ವೀಳ್ಯ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಮೂರು ವಾರದಿಂದ ಅವನು ಮಂಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ಮೊಬೈಲಿನಲ್ಲಿ ಬಿಳಿ ಗಡ್ಡದವರು ಹಳೆ ಸಿಂಥಸೈಜರಿನ ನಾಬ್ ತಿರುವುವುದನ್ನು ನೋಡುತ್ತಿದ್ದ. ಆ ಬಲದಲ್ಲಿ, “ಇದೆಲ್ಲಾ ಗುಂಡಿ ಒತ್ತಿದ ಶಬ್ದ. ಕೈಲೆ ಮಾಡಿದ ಶಬ್ದ ಅಲ್ಲ” ಎಂದುಬಿಟ್ಟ. ಕೀಬೋರ್ಡಿನವನು ಬಾರಿಸುವುದು ನಿಲ್ಲಿಸಿ, “ತಾವು ಏನ್ ಮಾಡ್ಕೊಂಡಿದೀರಿ ಸಾರ್?” ಎಂದು ಮೈಕಿನಲ್ಲೇ ಕೇಳಿದ. ನಾಲ್ಕು ನೂರು ಜನ ತಿರುಗಿ ನೋಡಿದರು. ಹತ್ತಿ ಗುಮಾಸ್ತ ಎನ್ನಲು ನಾಲಗೆ ಏಳಲಿಲ್ಲ.

“ಸೌಂಡ್ ಡಿಸೈನರ್,” ಎಂದ ವಾಗೀಶ್.

ಪಕ್ಕದಲ್ಲಿ ಅವನ ಸೋದರಮಾವ ಚನ್ನಬಸಯ್ಯ ಕೂತಿದ್ದರು. ಪೆದ್ದಹರಿವಾಣಂ ರಸ್ತೆಯಲ್ಲಿ ಅವರದು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿ. ಕೇಳಿದ್ದನ್ನು ಮರೆಯುವ ಜಾತಿಯ ಮನುಷ್ಯರಲ್ಲ.

“ಹೌದೇನಲೇ? ನಮಗ ಹೇಳೇ ಇಲ್ಲ! ಬರೋ ತಿಂಗಳ ನಮ್ಮ ಹತ್ತಿ ಒತ್ತೋ ಹೊಸ ಪ್ರೆಸ್ಸಿನ ಪೂಜೆ ಐತಿ. ಯಾರೂ ಕೇಳಿರಬಾರದು, ಅಂಥಾದ್ದೊಂದು ಸೌಂಡ್ ಮಾಡಿಬಿಡು. ಸರೇನಾ?”

ಮರುದಿನ ಮಾರ್ಕೆಟ್ಟಿಗೆಲ್ಲ ಸುದ್ದಿ ಮುಟ್ಟಿತು. ವಾಗೀಶನ ಬಳಿ ಆಗ ಒಂದು ಪೀಪಿಯೂ ಇರಲಿಲ್ಲ. ಅವನು ಮೊದಲು ಕಾರ್ಡು ಹೊಡೆಸಿದ, ಆಮೇಲೆ ಎಮ್ಮಿಗನೂರಿನ ಬಸ್ಸು ಹತ್ತಿದ.

ಎಮ್ಮಿಗನೂರಿನಲ್ಲಿ ರುದ್ರೇಶನ ಅಂಗಡಿ. ಅವನದು ಮಗ್ಗದ ಮನೆತನ. ಈಗ ಅವನು ಪವರ್‌ಲೂಮಿನ ಮೋಟರು, ಬೋರಿನ ಸ್ಟಾರ್ಟರು, ಭಜನಾ ಮಂಡಳಿಯ ಆಂಪ್ಲಿಫೈಯರು ಎಲ್ಲ ಒಂದೇ ಸ್ಕ್ರೂಡ್ರೈವರಿನಲ್ಲಿ ರಿಪೇರಿ ಮಾಡುತ್ತಾನೆ. ಮೂಲೆಯಲ್ಲಿ ಹಳೆ ಸೀರೆ ಹೊದಿಸಿದ ಒಂದು ಪೆಟ್ಟಿಗೆಯಿತ್ತು. ರುದ್ರೇಶ ಸೀರೆ ಸರಿಸಿದ.

“ಎಂಬತ್ತೆರಡನೇ ಇಸವಿದು. ಜಪಾನಿಂದು. ಬಳ್ಳಾರಿಯ ಆರ್ಕೆಸ್ಟ್ರಾದವರು ರಿಪೇರಿಗೆ ಕೊಟ್ಟು ಮತ್ತ ಬರಲೇ ಇಲ್ಲ. ಇದರಾಗ ರೆಡಿಮೇಡ್ ಸೌಂಡ್ ಒಂದೂ ಇಲ್ಲ ಸಾರ್.”

“ಮತ್ತ ಏನೈತಿ?”

“ನಾಬ್ ಅದಾವ. ಮೂವತ್ತೊಂದು. ಇದು ಮಗ್ಗ ಇದ್ದಂಗ ಸಾರ್. ಈ ಆಸಿಲೇಟರು ನೂಲು ಕೊಡತೈತಿ, ಈ ಫಿಲ್ಟರು ಹಣಿಗಿ. ಸೀರಿ ನೀವೇ ನೇಯಬೇಕು. ಬ್ಯಾಡಂದ್ರ ಇಲ್ಲಿ ಹೊಸಾದೊಂದು ಐತಿ ನೋಡ್ರಿ, ಊಟದ ಡಬ್ಬಿಯಷ್ಟು. ಮೂರು ಸಾವಿರ ಸೌಂಡು ಒಳಗ ತುಂಬ್ಯಾರ.”

“ಹೊಸದರಾಗ ಆತ್ಮ ಇರಂಗಿಲ್ಲ,” ಎಂದ ವಾಗೀಶ್, ಬಿಳಿ ಗಡ್ಡದವರಿಂದ ಕಲಿತ ಪ್ರಕಾರ. ಎಷ್ಟು ಕೊಟ್ಟು ತಂದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅಮೂಲ್ಯ ಓದುತ್ತಾಳೆ.

ಆತ್ಮವಿದ್ದ ಯಂತ್ರಕ್ಕೆ ಆದೋನಿಯ ಏಪ್ರಿಲ್ ಸೇರಲಿಲ್ಲ. ಬೆಳಿಗ್ಗೆ ‘ಸ’ ಎಂದು ಹಿಡಿದ ಸ್ವರ ಹನ್ನೊಂದು ಗಂಟೆಯ ಸೆಕೆಗೆ ಹಾರ್ಮೋನಿಯಮ್ಮಿನ ಅರ್ಧ ಮನೆಯಷ್ಟು ಮೇಲೇರಿ, ಮಧ್ಯಾಹ್ನಕ್ಕೆ ಯಾವ ರಾಗಕ್ಕೂ ಬೇಡವಾಗಿ ಕೂರುತ್ತಿತ್ತು. ವಾಗೀಶ್ ಅದನ್ನು ಹೊತ್ತುಕೊಂಡು ಮೂರು ಸಲ ಎಮ್ಮಿಗನೂರಿಗೆ ಹೋಗಿ ಬಂದ. ಮೊದಲ ಸಲ ರುದ್ರೇಶ ಹಳೆ ಕಪಾಸಿಟರುಗಳನ್ನೆಲ್ಲ ಕಿತ್ತು ಹೊಸದು ಹಾಕಿದ. ಎರಡನೆಯ ಸಲ ಹಿಂಬದಿಗೆ ಒಂದು ಫ್ಯಾನು ಜೋಡಿಸಿದ. ಮೂರನೆಯ ಸಲ, ಮಾಡಿದ ಶಬ್ದವನ್ನು ನೆನಪಿಟ್ಟುಕೊಳ್ಳುವ ಒಂದು ಚಿಪ್ ಕೂರಿಸಿ, ಜೊತೆಗೊಂದು ಗುಂಡಿಯನ್ನೂ ಇಟ್ಟು, “ಇದು ಹೋಲ್ಡ್. ಒತ್ತಿಬಿಟ್ರ ನೀವು ಕೈ ತೆಗೆದ್ರೂ ಸೌಂಡು ತಾನಾಗೇ ನಡದಿರತೈತಿ” ಎಂದು ತಿಳಿಸಿದ. ವಾಗೀಶ್ ಇದನ್ನು ಅಪ್‌ಗ್ರೇಡ್ ಎಂದು ಕರೆದು ಇಡೀ ಮಂಡಿಗೆ ಚಹಾ ಕುಡಿಸಿದ.

ಮನೆಯೊಳಗೆ ಯಂತ್ರಕ್ಕೆ ಜಾಗವಿರಲಿಲ್ಲ. ಅವನ ತಾಯಿ ಪಂಪಮ್ಮನಿಗೆ ಕಿವಿ ಮಂದ, ಹಾಗಾಗಿ ಟೀವಿ ಯಾವಾಗಲೂ ತಾರಕದಲ್ಲಿ. ಓಣಿ ಕಡೆಗಿನ ಚಿಕ್ಕ ಕೋಣೆಯಲ್ಲಿ ಹತ್ತಿಯ ಸ್ಯಾಂಪಲ್ ಚೀಲಗಳನ್ನು ಸರಿಸಿ ಯಂತ್ರ ಇಟ್ಟ. ಗೋಡೆಗುಂಟ ಹಾದುಹೋಗುವ ನೀರಿನ ಪೈಪು ಅಲ್ಲಿತ್ತು. ಅದರ ಮೇಲೊಂದು ಹಲಗೆ ಹಾಕಿ ಸ್ಪೀಕರು ಕೂರಿಸಿದ. ಆ ಪೈಪು ಅಲ್ಲಿಂದ ಮುಂದೆ ನಮ್ಮೆಲ್ಲರ ಮನೆಗೂ ಹೋಗುತ್ತದೆ. ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ವಾಗೀಶ್ ಇಟ್ಟುಕೊಳ್ಳಲಿಲ್ಲ.

ಮಾವನ ಪ್ರೆಸ್ಸಿಗೆ ಬೆಟ್ಟದ ಬಂಡೆಗಳ ನಡುವೆ ಬೀಸುವ ಗಾಳಿಯ ಶಬ್ದ ಮಾಡಬೇಕೆಂದು ಅವನು ತೀರ್ಮಾನಿಸಿದ್ದ. ಯಂತ್ರದಲ್ಲಿ ‘ನಾಯ್ಸ್’ ಎಂಬ ನಾಬ್ ಇತ್ತು. ತಿರುಗಿಸಿದರೆ ಬರೀ ಹುಸ್ಸ್ ಎನ್ನುತ್ತದೆ. ಅದನ್ನು ಫಿಲ್ಟರಿನಲ್ಲಿ ಹಾಯಿಸಿ ಬಿಗಿ ಮಾಡಿದರೆ ಗಾಳಿ. ಅವನ ಕೈ ಒಂದು ಕಡೆ ನಿಲ್ಲುವ ಕೈಯಲ್ಲ. ಚಹಾದ ಲೋಟ ಹಿಡಿದರೂ ಅದನ್ನು ತಿರುವುತ್ತಲೇ ಕುಡಿಯುತ್ತಾನೆ. ಒಂದು ನಾಬಿಗೇ ನಿಲ್ಲದೆ ಇನ್ನೊಂದು ತಿರುವಿದ, ಗಾಳಿಯ ನಡುವೆ ಗೊರಗೊರ ಸೇರಿತು. ಮತ್ತೊಂದು ತಿರುವಿದ, ಯಂತ್ರ ಎರಡು ಸಲ ಕೆಮ್ಮಿತು. ಅವನಿಗೆ ಬಹಳ ಹಿಡಿಸಿತು. ಮಂಗಳವಾರ ಬೆಳಿಗ್ಗೆ ಆರೂವರೆಗೆ ಹೋಲ್ಡ್ ಒತ್ತಿದ.

ಇಲ್ಲಿ ನಮ್ಮ ಓಣಿಯ ಕಿವಿಯ ಬಗ್ಗೆ ಹೇಳಬೇಕು. ನಮಗೆ ನಾಲ್ಕು ದಿನಕ್ಕೊಮ್ಮೆ ನೀರು. ನಾಲ್ಕನೆಯ ದಿನ ಯಾವ ಹೊತ್ತಿಗೆ ಎಂಬುದು ದೇವರಿಗೂ ಮುನಿಸಿಪಾಲಿಟಿಯ ವಾಲ್ವು ತಿರುಗಿಸುವ ಉರುಕುಂದನಿಗೂ ಮಾತ್ರ ಗೊತ್ತು. ನಲ್ಲಿಗಳು ಮನೆ ಮುಂದಿನ ಗುಂಡಿಯಲ್ಲಿವೆ. ಮೂರನೆಯ ದಿನದಿಂದಲೇ ತಿರುವಿ ಬಿಟ್ಟಿರುತ್ತೇವೆ. ಸುತ್ತ ಕೊಡಗಳ ಪಾಳಿ, ಕೊಡವಿಲ್ಲದವರ ಪರವಾಗಿ ಒಂದು ಕಲ್ಲು. ನೀರು ಬರುವ ಮೊದಲು ಪೈಪಿನೊಳಗಿನ ಗಾಳಿ ಹುಸ್ಸ್ ಎಂದು ಹೊರಡುತ್ತದೆ. ಆಮೇಲೆ ಗೊರಗೊರ. ಆಮೇಲೆ ನಲ್ಲಿ ಎರಡು ಸಲ ಕೆಮ್ಮುತ್ತದೆ. ಅದಾದ ಮೇಲೆ ಕೆಂಪು ನೀರು, ಆಮೇಲೆ ಬಿಳಿ ನೀರು. ನಾವು ಉಣ್ಣುವಾಗ, ಜಗಳವಾಡುವಾಗ, ಪೂಜೆ ಮಾಡುವಾಗ ಒಂದು ಕಿವಿಯನ್ನು ಆ ಹುಸ್ಸಿಗೆ ಮೀಸಲಿಟ್ಟಿರುತ್ತೇವೆ. ಕಾಲು ಚಾಚಿ ಕೂರುವವರು ನಮ್ಮಲ್ಲಿಲ್ಲ.

“ಗಾಳಿ ಬಂತು! ಗಾಳಿ ಬಂತು ರೇ!” ಎಂದು ಹುಸೇನಮ್ಮ ಕೂಗಿದಳು.

ಹದಿನಾಲ್ಕು ಮನೆಯಲ್ಲಿ ಹದಿನಾಲ್ಕು ಮೋಟರುಗಳು ಗುಂಯ್ ಎಂದವು. ನಲ್ಲಿಗೆ ಮೋಟರು ಹಚ್ಚುವುದು ಕಾನೂನಿಗೆ ವಿರುದ್ಧ, ಆದ್ದರಿಂದ ಎಲ್ಲರೂ ಹಚ್ಚಿದ್ದೇವೆ. ಕೊಡಗಳು ಡಿಕ್ಕಿ ಹೊಡೆದವು, ಒಂದು ಕಲ್ಲು ಪಾಳಿ ತಪ್ಪಿಸಿತೆಂದು ಇಬ್ಬರು ಜಡೆ ಹಿಡಿದುಕೊಂಡರು. ವಾಗೀಶ್ ಗದ್ದಲ ಕೇಳಿ ಯಂತ್ರವನ್ನು ಹಾಗೇ ಬಿಟ್ಟು ಎರಡು ಕೊಡ ಹಿಡಿದು ಓಡಿಬಂದ. ಗುಂಡಿಯಲ್ಲಿಳಿದು ನಲ್ಲಿಗೆ ಕಿವಿ ಹಚ್ಚಿದ. ಹುಸ್ಸ್, ಗೊರಗೊರ, ಎರಡು ಕೆಮ್ಮು. ಮತ್ತೆ ಹುಸ್ಸ್. ಇಪ್ಪತ್ತು ನಿಮಿಷ ಹೀಗೇ ಆಯಿತು. ಒಂದು ಹನಿ ಬರಲಿಲ್ಲ.

“ವಾಲ್ವು ತೆಗೀತಾನ, ಮುಚ್ಚತಾನ! ಆಟ ಆಡಾಕ ಹತ್ಯಾನ!” ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ವಾಗೀಶನೇ. ಬಯ್ದು ಬಯ್ದು ಸುಸ್ತಾಗಿ ಒಳಗೆ ಹೋದ, ಯಂತ್ರ ಇನ್ನೂ ನಡೆಯುತ್ತಿರುವುದು ಕಂಡು ಆರಿಸಿದ. ಅದೇ ಗಳಿಗೆಗೆ ನಲ್ಲಿಗಳೂ ಸುಮ್ಮನಾದವು.

“ನೋಡ್ರಿ! ಬೈಗುಳ ಕೇಳಿ ಬಂದ್ ಮಾಡಿದ!” ಎಂದಳು ಹುಸೇನಮ್ಮ.

ಅಷ್ಟರಲ್ಲಿ ಒಣಗಾಳಿ ಎಳೆದು ಒಂಬತ್ತು ಮೋಟರು ಸುಟ್ಟಿದ್ದವು. ನನ್ನದೂ ಒಂದು. ಕಾನೂನಿನ ಲೆಕ್ಕದಲ್ಲಿ ಇಲ್ಲದ ಮೋಟರು ಸುಟ್ಟಿತೆಂದು ಮುನಿಸಿಪಾಲಿಟಿಗೆ ದೂರು ಕೊಡುವುದು ಹೇಗೆ? ಅದಕ್ಕೇ ಉರುಕುಂದ ನಮ್ಮ ಓಣಿಯ ನೀರನ್ನು ದೊಡ್ಡ ಮನೆಗಳ ಕಡೆ ತಿರುಗಿಸುತ್ತಾನೆ, ನಮಗೆ ಗಾಳಿ ಮಾತ್ರ ಬಿಡುತ್ತಾನೆ ಎಂದು ಅರ್ಜಿ ಹಾಕುವುದೆಂದಾಯಿತು. ಆಂಧ್ರದ ಕಚೇರಿ, ತೆಲುಗಿನಲ್ಲಿ ಬರೆಯಬೇಕು, ಅಕ್ಷರ ಚೆಂದ ಇರಬೇಕು. ವಾಗೀಶ್ ಬರೆದ. ಮೊದಲ ಸಹಿ ಅವನದೇ, ಕೆಳಗೆ ‘ಸೌಂಡ್ ಡಿಸೈನರ್’ ಎಂದು ಗೆರೆ ಎಳೆದು ಬರೆದ. ಎರಡನೆಯ ಸಹಿ ನನ್ನದು, ಸುಳ್ಳು ಯಾಕೆ ಹೇಳಲಿ. ಅರ್ಜಿ ಅದೇ ದಿನ ಹೋಯಿತು. ಮರುದಿನ ಬುಧವಾರ ಸಂಜೆ ಐದಕ್ಕೆ ಮತ್ತೆ ಹುಸ್ಸ್, ಮತ್ತೆ ಓಟ, ಮತ್ತೆ ಮೂರು ಮೋಟರು.

ಆ ಸಂಜೆ ನಡೆದದ್ದನ್ನು ಅಮೂಲ್ಯಳೇ ನಮಗೆ ಹೇಳಿದ್ದು. ಗಂಡ ಕೊಡ ಹಿಡಿದು ಓಡಿದಾಗ ಆಕೆ ಕೋಣೆಗೆ ಬಂದಳು. ಗಾಳಿ ಬಂತೆಂದು ಹೊರಗೆ ಕೂಗುತ್ತಿದ್ದರು, ಒಳಗೆ ಸ್ಪೀಕರೂ ಅದನ್ನೇ ಹೇಳುತ್ತಿತ್ತು. ಆಕೆ ಒಂದು ನಾಬನ್ನು ಎಡಕ್ಕೆ ತಿರುಗಿಸಿದಳು. “ಗಾಳಿ ಹೋತು!” ಎಂದರು ಹೊರಗೆ. ಬಲಕ್ಕೆ ತಿರುಗಿಸಿದಳು. “ಬಂತು, ಬಂತು!” ಆಕೆ ಇದನ್ನು ನಾಲ್ಕು ಸಲ ಮಾಡಿ ಖಾತ್ರಿ ಮಾಡಿಕೊಂಡಳು. ಓಣಿ ನಾಲ್ಕು ಸಲ ಓಡಿತು. ಐದನೆಯ ಸಲಕ್ಕೆ ಮುಂಚೆ ಗಂಡನನ್ನು ಒಳಗೆ ಕರೆದಳು.

“ಕೇಳ್ರಿ ನಿಮ್ಮ ಬೆಟ್ಟದ ಗಾಳಿ. ಯಾರೂ ಕೇಳಿರಬಾರದು ಅಂದಿದ್ರಲ್ಲ ಮಾವ? ಊರಿಗೆ ಊರೇ ಕೇಳೈತಿ.”

ವಾಗೀಶನ ಮುಖ ಹಿಂಜಿದ ಹತ್ತಿಯಂತಾಯಿತು. “ಯಾರಿಗೂ ಹೇಳಬ್ಯಾಡ. ಕಾರ್ಡು ಹಂಚೇನಿ ಕಣೇ, ನೂರಾ ಎಂಬತ್ತು!”

ಅಷ್ಟರಲ್ಲಿ ಬಾಗಿಲ ಬಳಿ ಸೈಕಲ್ಲಿನ ಗಂಟೆ. ಉರುಕುಂದ ನಿಂತಿದ್ದ. ಐವತ್ತರ ಮನುಷ್ಯ, ಸೈಕಲ್ಲಿಗೆ ಕಟ್ಟಿದ ವಾಲ್ವಿನ ಉದ್ದ ಕೀಲಿ ಅವನಿಗಿಂತ ಎತ್ತರ. ಒಳಗೆ ಬಾ ಎಂದರೂ ಬರಲಿಲ್ಲ.

“ಸಾರ್, ತಾವು ಸೌಂಡ್ ಓದಿದವರಂತ. ಹುಸೇನಮ್ಮ ಕಾರ್ಡು ತೋರಿಸಿದ್ಲು. ನನ್ನ ಮ್ಯಾಲ ಅರ್ಜಿ ಹೋಗೈತ್ರಿ. ನಾಳೆ ಗುರುವಾರ ನೀರಿನ ಇಂಜಿನಿಯರು, ಎ.ಇ. ಸಾರು ಬರತಾರ. ಖರೇ ಅಂತ ಆದ್ರ ಕೀಲಿ ಇಸಗೋತಾರ. ನಂದು ಪರ್ಮನೆಂಟ್ ಅಲ್ಲ, ಕಾಂಟ್ರಾಕ್ಟು.”

ವಾಗೀಶ್ ಬಾಗಿಲ ಚಿಲಕವನ್ನು ಮೇಲೆ ಕೆಳಗೆ ಆಡಿಸತೊಡಗಿದ.

“ಹತ್ತೊಂಬತ್ತು ವರ್ಷ ಆತ್ರಿ. ವಾಲ್ವಿನ ಮ್ಯಾಲ ಸಲಾಕಿ ಇಟ್ಟು ಕಿವಿ ಹಚ್ಚಿದ್ರ ಯಾವ ಓಣಿಗೆ ಎಷ್ಟು ನೀರು ಹೊಂಟೈತಿ ಹೇಳತೀನಿ. ನಿನ್ನೆ, ಇವತ್ತು ಎರಡೂ ದಿನ ಈ ಓಣಿಗೆ ನಾನು ಕೀಲಿ ಮುಟ್ಟಿಲ್ಲ. ಇವರು ಕೇಳಿದ್ದು ನನ್ನ ನೀರಿನ ದನಿ ಅಲ್ರಿ. ತಾವು ದೊಡ್ಡ ಮನಸ್ಸು ಮಾಡಿ ಎ.ಇ. ಸಾರಿಗೆ ಒಂದು ಮಾತು ಹೇಳಬೇಕು.”

“ಅರ್ಜಿ… ಯಾರು ಬರದಾರಂತ?” ಎಂದು ವಾಗೀಶ್ ಕೇಳಿದ. ಯಾಕೆ ಕೇಳಿದನೋ, ಶಿವನೇ ಬಲ್ಲ.

“ನನಗ ತೆಲುಗು ಓದಾಕ ಬರಂಗಿಲ್ರಿ. ದೂರದಿಂದ ನೋಡೀನಿ. ಅಕ್ಷರ ಭಾಳ ಚೆಂದ ಅದಾವ.”

ಉರುಕುಂದ ಹೋದ ಮೇಲೆ ಅಮೂಲ್ಯ ಗಂಡನಿಗೆ ಊಟ ಬಡಿಸಿದಳು, ನೀರಿನ ಲೋಟ ಮಾತ್ರ ಇಡಲಿಲ್ಲ.

ಗುರುವಾರ ಹತ್ತು ಗಂಟೆಗೆ ಜೀಪು ಬಂತು. ಎ.ಇ. ಲಕ್ಷ್ಮಿಕಾಂತ್ ಇಳಿದರು. ಕಪ್ಪು ಕನ್ನಡಕ, ಕೈಯಲ್ಲಿ ನಮ್ಮ ಅರ್ಜಿ. ಸಾಕ್ಷಿ ನುಡಿಯಲು ಇಡೀ ಓಣಿ ಸೇರಿತ್ತು. ಪ್ರೆಸ್ಸಿನ ಪೂಜೆಗೆ ಸೌಂಡು ಎಲ್ಲಿಗೆ ಬಂತೆಂದು ವಿಚಾರಿಸಲು ಚನ್ನಬಸಯ್ಯನವರೂ ಅದೇ ಹೊತ್ತಿಗೆ ಬಂದಿದ್ದರು.

“ಎವರಯ್ಯಾ ರಾಸಿಂದಿ ಇದಿ? ಯಾರು ಬರೆದದ್ದು?” ಎಂದರು ಎ.ಇ. ನಾವೆಲ್ಲ ಒಟ್ಟಿಗೆ ವಾಗೀಶನ ಕಡೆ ಬೆರಳು ತೋರಿಸಿದೆವು. ಉರುಕುಂದ ಆ ಬೆರಳುಗಳನ್ನು ನೋಡಿದ, ಆಮೇಲೆ ವಾಗೀಶನನ್ನು ನೋಡಿದ. ಸೈಕಲ್ಲಿನಿಂದ ಕೀಲಿ ಬಿಚ್ಚತೊಡಗಿದ, ಒಪ್ಪಿಸಲು.

ಕೀಲಿಯ ಹಗ್ಗ ಗಂಟು ಬಿದ್ದಿತ್ತು. ಆ ಗಂಟು ಬಿಡಿಸುವಷ್ಟು ಹೊತ್ತು ವಾಗೀಶ್ ಅಂಗಿಯ ಗುಂಡಿ ಹಾಕಿದ, ತೆಗೆದ, ಹಾಕಿದ. ನಂತರ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ.

“ಆತನದು ತಪ್ಪಿಲ್ಲ ಸಾರ್. ಆ ಗಾಳಿ ನಂದು.”

ಓಣಿಯಲ್ಲಿ ಯಾರೋ ನಕ್ಕರು. ಎ.ಇ. ಕನ್ನಡಕ ತೆಗೆದರು. “ಏಮಿ? ನಿಂದಾ?”

“ನನ್ನ ಸಿಂಥಸೈಜರಿಂದು ಸಾರ್. ಎಂಬತ್ತೆರಡನೇ ಮಾಡೆಲ್. ಅಪ್‌ಗ್ರೇಡ್ ಮಾಡಿಸೀನಿ.”

ತೋರಿಸಲೇಬೇಕಾಯಿತು. ಎ.ಇ.ಯವರು ಕೋಣೆಯಲ್ಲಿ ಹತ್ತಿಯ ಚೀಲದ ಮೇಲೆ ಕೂತರು. ನಾವೆಲ್ಲ ನಲ್ಲಿಯ ಗುಂಡಿಗಳಿಗೆ ಬೆನ್ನು ಹಾಕಿ ಕಿಟಕಿಗೆ ಮುಗಿಬಿದ್ದೆವು. ವಾಗೀಶ್ ಹೋಲ್ಡ್ ಒತ್ತಿದ. ಹುಸ್ಸ್. ಹುಸೇನಮ್ಮನ ಕಾಲು ತಾನಾಗಿ ಎರಡು ಹೆಜ್ಜೆ ಓಡಿತು, ಆಕೆಯೇ ಹಿಡಿದು ನಿಲ್ಲಿಸಿಕೊಂಡಳು. ಗೊರಗೊರ. ಎರಡು ಕೆಮ್ಮು.

“ಅಬ್ಬಾ!” ಎಂದರು ಎ.ಇ. “ಡಿಟ್ಟೋ ಕೊಳಾಯಿ!”

ಚನ್ನಬಸಯ್ಯ ತಲೆ ಮೇಲೆ ಕೈ ಹೊತ್ತರು. “ನಳದ ಸೌಂಡೇನಲೇ ಮಾಡಿದ್ದು? ಅದನ್ನ ಕೇಳಾಕ ಗುಂಟೂರಿನಿಂದ ಸೇಠುಗಳನ್ನ ಕರಸೀನಿ!”

ಸುಟ್ಟ ಮೋಟರುಗಳ ಸಂಕಟ ನೆನಪಾಗುವ ಮುಂಚೆ ನಮಗೆ ನಗು ಬಂತು. ನಕ್ಕು ನಿಂತೆವು, ಒಂದು ಗಳಿಗೆ ಶಬ್ದವೂ ನಿಂತಿತು, ಮತ್ತೆ ಶುರುವಾಯಿತು. ಈ ಸಲ ಇನ್ನೂ ಜೋರು. ವಾಗೀಶ್ ನಾಬ್ ತಿರುಗಿಸಿದಂತೆಲ್ಲ ಏರಿತು. ಹುಸ್ಸಿನೊಳಗೆ ಹೊಸ ಹೊಸ ಗೊರಗೊರ, ಎಳೆದೆಳೆದು ಕೆಮ್ಮು, ಆಮೇಲೆ ಕೆಳಗೆ ನೀರು ಧೋ ಎಂದು ಬಿದ್ದಂತೆ. ವಾಗೀಶನಿಗೇ ಮೈ ಜುಮ್ಮೆಂದಿತು. ಇಷ್ಟು ದಿನ ಸಿಗದಿದ್ದ ಶಬ್ದ ಸಿಕ್ಕಿತ್ತು. ಅವನು ಕಣ್ಣು ಮುಚ್ಚಿ ನುಡಿಸಿದ.

“ಅದು ಅವರದಲ್ರಿ!” ಎಂದು ಉರುಕುಂದ ಹೊರಗಿನಿಂದ ಕೂಗಿದ. “ಅದು ನಂದು! ನನ್ನ ನೀರು! ಒಂಬತ್ತೂವರೆಗೆ ತೆಗೆದು ಬಂದೀನಿ!”

“ಉಂಡಯ್ಯಾ, ಸುಮ್ಮನಿರು!” ಎಂದು ಎ.ಇ. ಗದರಿದರು. “ನಿನಗ ಒಳ್ಳೇದಾಗೋ ಹೊತ್ತಿನಾಗ ಅಡ್ಡ ಬರಬ್ಯಾಡ.”

“ನಂದೈತ್ರೀ! ಹಿಡೀರ್ರೀ!” ಉರುಕುಂದ ಒಬ್ಬೊಬ್ಬರ ತೋಳು ಹಿಡಿದು ಎಳೆದ. ನಾವು ಅವನ ಬೆನ್ನು ತಟ್ಟಿ, ಕೆಲಸ ಉಳಿಯಿತಲ್ಲ, ಇನ್ನು ಸುಮ್ಮನಿರು ಎಂದೆವು. ಒಂದೇ ವಾರದಲ್ಲಿ ಎರಡು ಸಲ ಮೋಸಹೋದ ಜನ ಮೂರನೆಯ ಸಲ ಹೋಗುವುದುಂಟೇ?

ಎ.ಇ.ಯವರು ಅರ್ಜಿಯ ಮೇಲೆ ‘ವಿಚಾರಿಸಲಾಯಿತು, ವಾಲ್ವಿನವನ ತಪ್ಪಿಲ್ಲ’ ಎಂದು ಷರಾ ಬರೆದು ಸಹಿ ಹಾಕಿದರು. ಹೊರಡುವಾಗ, “ಮೋಟರು ಸುಟ್ಟವಂತಲ್ಲ, ಎಷ್ಟು?” ಎಂದು ಮೆಲ್ಲಗೆ ಕೇಳಿದರು. ನಮ್ಮ ಓಣಿಯಲ್ಲಿ ಮೋಟರು ಹೇಗಿರುತ್ತದೆಂದು ನೋಡಿದವರೇ ಇರಲಿಲ್ಲ.

ಆಗ ಪಂಪಮ್ಮ ಹೊರಗಿನಿಂದ ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಬಂದಳು. ಸೀರೆ ಮೊಣಕಾಲಿನವರೆಗೆ ಒದ್ದೆ.

“ಯಾಕ್ರಲೇ, ಯಾರೂ ನೀರು ಹಿಡಿಯಂಗಿಲ್ಲೇನು ಇವತ್ತು? ಎಲ್ಲಾ ಗಟಾರಕ್ಕ ಹೊಂಟಾವ. ಇದು ನನಗ ಹದಿಮೂರನೇ ಕೊಡ.”

“ಅಜ್ಜಿಗೆ ಕಿವಿ ಕೇಳಂಗಿಲ್ಲ, ಆದ್ರೂ ಮೋಸಹೋದ್ಲು,” ಎಂದು ಯಾರೋ ಅಂದರು. ಮಾತು ಮುಗಿಯುವ ಮುಂಚೆ ಅಮೂಲ್ಯ ಗೋಡೆಯ ಸ್ವಿಚ್ಚು ಟಕಟಕ ಮಾಡಿದಳು. ದೀಪ ಹತ್ತಲಿಲ್ಲ. ಯಂತ್ರದ ಫ್ಯಾನು ತಿರುಗುತ್ತಿರಲಿಲ್ಲ.

“ಕರೆಂಟು ಹೋಗಿ ಅರ್ಧ ತಾಸು ಆತ್ರೀ,” ಎಂದಳು.

ವಾಗೀಶ್ ನಾಬಿನ ಮೇಲೆ ಬೆರಳಿಟ್ಟವನು ಹಾಗೇ ಕಣ್ಣು ಬಿಟ್ಟ. ನಾವು ತಿರುಗಿ ಓಡಿದೆವು. ನಾವು ಗುಂಡಿಗೆ ಹಾರುವಷ್ಟರಲ್ಲಿ ಟ್ಯಾಂಕಿನಲ್ಲಿ ನಮ್ಮ ಪಾಲು ಮುಗಿದಿತ್ತು. ನಲ್ಲಿ ಕೊನೆಯ ಸಲ ಎರಡು ಬಾರಿ ಕೆಮ್ಮಿತು. ಗಟಾರ ತುಂಬಿ ಹರಿಯುತ್ತಿತ್ತು, ಅದರಲ್ಲಿ ಹುಸೇನಮ್ಮನ ಹನ್ನೊಂದು ಟಗರು ಸಾಲಾಗಿ ನಿಂತು ಕುಡಿಯುತ್ತಿದ್ದವು.

ಇನ್ನು ನಾಲ್ಕು ದಿನ ನೀರಿಲ್ಲ. ಹೊಸ ಅರ್ಜಿ ಅಲ್ಲೇ ಬೇಕೆಂದು ಓಣಿ ಪಟ್ಟುಹಿಡಿಯಿತು, ವಾಗೀಶನ ಮೇಲೆ. ಎ.ಇ.ಯವರು ಜೀಪಿಗೆ ಒರಗಿ ಕಾದರು. ಬರೆಯುವವರಾರು ಎಂಬ ಪ್ರಶ್ನೆ ಎದ್ದಿತು.

“ನೀನೇ ಬರಿಯಪ್ಪಾ,” ಎಂದಳು ಹುಸೇನಮ್ಮ, ಕಾಗದ ಕೊಟ್ಟು. “ನಿನ್ನಂಥಾ ಅಕ್ಷರ ಯಾರಿಗೆ ಬರತಾವ?”

ವಾಗೀಶ್ ಕಟ್ಟೆಯ ಮೇಲೆ ಕೂತು ಬರೆದ. ‘ನಮ್ಮ ಓಣಿಯ ವಾಗೀಶ್ ಎಂಬುವರು ನಲ್ಲಿಯ ಶಬ್ದ ಮಾಡಿ ಸಾರ್ವಜನಿಕರಿಗೆ ತೊಂದರೆ ಕೊಡುತ್ತಿದ್ದು…’ ಎಂದು ಒಂದು ಚಿತ್ತೂ ಇಲ್ಲದೆ ಮುಗಿಸಿದ. ರೂಢಿಯಂತೆ ಮೊದಲ ಸಹಿ ಅವನೇ ಹಾಕಿದ. ಕೈ ಅಭ್ಯಾಸದಲ್ಲಿ ಕೆಳಗೆ ‘ಸೌಂಡ್ ಡಿಸೈನರ್’ ಎಂದೂ ಬರೆದುಬಿಟ್ಟಿತು. ಅದನ್ನು ನೋಡಿ ಅವನಿಗೆ ಕಣ್ಣು ತುಂಬಿತು. ಹೊಡೆದುಹಾಕಲು ಪೆನ್ನು ಇಟ್ಟ.

ಉರುಕುಂದ ಕೀಲಿಯನ್ನು ಸೈಕಲ್ಲಿಗೆ ಮತ್ತೆ ಕಟ್ಟುತ್ತಿದ್ದವನು ಬಂದು ಅವನ ಮಣಿಕಟ್ಟು ಹಿಡಿದ.

“ಏನ್ ಬರದೀರಿ ಅದು ಕೊನೀಗೆ?”

“ಸೌಂಡ್ ಡಿಸೈನರ್ ಅಂತ. ಹೊಡೆದುಹಾಕತೀನಿ ಬಿಡು.”

“ಬ್ಯಾಡ್ರಿ. ಹುಸ್ಸ್ ಅನ್ನೋದು ನೆಟ್ಟಗ ಬಂದಿಲ್ಲ, ಗೊರಗೊರ ಅರ್ಧಂಬರ್ಧ. ಆದ್ರ ಆ ಕೆಮ್ಮು ಐತಲ್ರಿ…” ಉರುಕುಂದ ನಲ್ಲಿಯ ಗುಂಡಿಯ ಕಡೆ ಕೈ ಮಾಡಿದ. “ಹತ್ತೊಂಬತ್ತು ವರ್ಷ ಕೇಳೀನಿ. ಆ ಕೆಮ್ಮು ಖರೇ ನಂದೇ ಐತಿ ಸಾರ್. ಅದನ್ನ ಹೊಡೀಬ್ಯಾಡ್ರಿ.”